ಹಳೆಯ ಮನೆಯಲ್ಲಿ ಇದ್ದವರು ಯಾರು?

ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಹಳೆಯ ಮಾಳಿಗೆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಗೋಡೆ ಒಂದು, ಸಂಸಾರ ಎರಡು ಎಂಬಂತಹ ಮನೆಗಳಿವು. ಕೆಡವುವಾಗ ನೆಲದಲ್ಲಿ ಮಣ್ಣು ತುಂಬಿದ ತಗ್ಗು ಕಂಡರೆ ಅದು ಹಗೇವೇ ಆಗಬೇಕೆಂದಿಲ್ಲ. ನೇಕಾರರು ಕಾಲು ಇಳಿಬಿಟ್ಟು ಕುಳಿತ ಕುಣಿಮಗ್ಗದ ಗುರುತೂ ಆಗಿರಬಹುದು. ಅಲ್ಲಿ ಕುಳಿತವರು ಯಾರು?

ಮೊದಲು ನೋಡಬೇಕಾದುದು ಸಿಟಿ ಸರ್ವೆ ಉತಾರ ಮತ್ತು ನಗರಸಭೆಯ ಮನೆಪಟ್ಟಿ. ಆಮೇಲೆ ಖರೀದಿ ಪತ್ರ. ಅದರ ಚಕಬಂದಿಯಲ್ಲಿ ನಾಲ್ಕು ದಿಕ್ಕಿನ ನೆರೆಯವರ ಹೆಸರಿರುತ್ತದೆ. ಆದ್ದರಿಂದ ನಮ್ಮ ಮನೆಯ ಪತ್ರ ಕಳೆದಿದ್ದರೂ ಪಕ್ಕದ ಮನೆಯ ಪತ್ರದಲ್ಲಿ ನಮ್ಮ ಹಿರಿಯರು ಸಿಗಬಹುದು.

ಅದಕ್ಕಿಂತ ಹಿಂದೆ ಹೋಗಬೇಕಾದರೆ ಊರು ಯಾರ ಆಳ್ವಿಕೆಯಲ್ಲಿತ್ತು ಎಂಬುದು ತಿಳಿದಿರಬೇಕು. ಜಮಖಂಡಿ ಮತ್ತು ಸಾಂಗಲಿ ಪಟವರ್ಧನರ ಸಂಸ್ಥಾನಗಳು, ಮುಧೋಳ ಘೋರ್ಪಡೆಯವರದು. ಇಂದು ಒಂದೇ ನಗರಸಭೆಯಾಗಿರುವ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿಗೆ, ರಬಕವಿ ಸಾಂಗಲಿಗೆ ಸೇರಿದ್ದವು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿದೆವು. ಮನೆ ಕದಲಲಿಲ್ಲ, ಅದರ ಕಾಗದಗಳು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆದವು. ಸಂಸ್ಥಾನ ಕಾಲದ ಪತ್ರಗಳು ಮರಾಠಿಯಲ್ಲಿ, ಹಲವು ಮೋಡಿ ಲಿಪಿಯಲ್ಲಿ ಇರುವುದರಿಂದ ಮನೆಯವರೇ ಅವನ್ನು ಓದಲಾರದೆ ರದ್ದಿಗೆ ಹಾಕುವುದುಂಟು.

ಆದರೆ ಉತಾರದಲ್ಲಿ ಇರುವುದು ಮಾಲೀಕರ ಹೆಸರು. ಬಾಡಿಗೆಗಿದ್ದು ಸಾಹುಕಾರರ ನೂಲಿನಲ್ಲಿ ಕೂಲಿಗೆ ನೇಯ್ದವರು ಅಲ್ಲಿಲ್ಲ. ಕಂಡಿಕೆ ಸುತ್ತಿದ ತಾಯಂದಿರ ಹೆಸರಂತೂ ಸಿಗುವುದೇ ಅಪರೂಪ. ಇಂಥವರ ಸುಳಿವು ಕೊಡುವ ಪುಸ್ತಕವೊಂದು ನಮ್ಮ ಸರಕಾರಿ ಶಾಲೆಗಳ ಕಪಾಟಿನಲ್ಲಿದೆ: ದಾಖಲಾತಿ ರಜಿಸ್ಟರ್. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಹಿಂದೆ ಕಲಿತ ಶಾಲೆ, ಶಾಲೆ ಬಿಟ್ಟ ಕಾರಣ ಅದರಲ್ಲಿ ಬರೆದಿರುತ್ತವೆ. ಮಾಲೀಕನ ಮಗನೂ ಬಾಡಿಗೆಯವನ ಮಗಳೂ ಒಂದೇ ಪುಟದಲ್ಲಿ ಇರುವುದು ಅಲ್ಲಿಯೇ.

ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಬೀಳಗಿ ಭಾಗದ ಹಳ್ಳಿಗಳವರಿಗೆ ಈ ಮಾತು ಇನ್ನೂ ಚೆನ್ನಾಗಿ ಗೊತ್ತು. ಮನೆಯ ಅಳತೆ ಪರಿಹಾರದ ಕಡತದಲ್ಲಿ ಉಳಿಯಿತು. ಯಾವ ಪಡಸಾಲೆಯಲ್ಲಿ ಯಾರ ತೊಟ್ಟಿಲು ತೂಗಿತ್ತು ಎಂಬುದು ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ.

ಸುವರ್ಣ ಮಹೋತ್ಸವಕ್ಕೆ ಬಂದಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಊರಿಗೆ ಬಂದಾಗ ಅಜ್ಜಿಯ ಪಕ್ಕ ಒಂದು ಗಳಿಗೆ ಕುಳಿತು ನಿಮ್ಮ ಮನೆಯಲ್ಲಿ, ಆಚೀಚೆ ಮನೆಗಳಲ್ಲಿ ಇದ್ದವರ ಹೆಸರು ಕೇಳಿ ಬರೆದುಕೊಳ್ಳಿ. ಮನೆ ಕೆಡವುವ ಮುಂಚೆ ಒಂದು ಫೋಟೋ ತೆಗೆದಿಡಿ. ಅಟ್ಟದ ಮೇಲಿನ ಕಾಗದದ ಗಂಟನ್ನು ಬಿಚ್ಚಿ ನೋಡದೆ ಸುಡಬೇಡಿ.