ಎತ್ತರ, ತೂಕ ಮತ್ತು ಬೇರೆಯವರ ಮೈ

ಶ್ರೀಕಾರ್ಯಂನಲ್ಲಿ ಮನೆ ಮಾಡ್ಕೊಂಡು ಟೆಕ್ನೋಪಾರ್ಕಿಗೆ ಓಡಾಡೋ ನಮ್ಮ ಕನ್ನಡದ ಹುಡುಗರಿಗೆ ಈಗೊಂದು ಹೊಸ ಖಯಾಲಿ: ಜಿಮ್ ಆ್ಯಪ್‌ಗೆ ಎತ್ತರ, ತೂಕ ಕೊಟ್ಟು 'ಲೀನ್ ಬಾಡಿ ಮಾಸ್' ನೋಡೋದು. ಅಂದ್ರೆ ಮೈತೂಕದಲ್ಲಿ ಕೊಬ್ಬನ್ನು ಕಳೆದು ಉಳಿಯೋದು: ಸ್ನಾಯು, ಎಲುಬು, ಅಂಗಾಂಗ, ನೀರು. ಈ ಸಂಖ್ಯೆಗೊಂದು ಇತಿಹಾಸ ಇದೆ.

ಮೊದಲು ಇದಕ್ಕೆ ನೀರಿನ ತೊಟ್ಟಿ ಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ 25 ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರೊಳಗೆ ತೂಗಿದ. ತೂಕದ ಪಟ್ಟಿ ಪ್ರಕಾರ ಅವರಲ್ಲಿ 17 ಜನ ಸೇನೆಗೆ ಅನರ್ಹರು! ಆದ್ರೆ ಬಹಳಷ್ಟು ಜನರ ಭಾರ ಸ್ನಾಯುವಿನದ್ದು, ಕೊಬ್ಬಿನದ್ದಲ್ಲ.

ರೋಗಿಯನ್ನು ತೊಟ್ಟಿಗೆ ಇಳಿಸೋಕಾಗಲ್ಲ. ಹಾಗಾಗಿ ಸೂತ್ರಗಳು ಬಂದವು. 1966ರಲ್ಲಿ ಗ್ಲಾಸ್ಗೋದ ಹ್ಯೂಮ್, 1976ರಲ್ಲಿ ಜೇಮ್ಸ್, 1984ರಲ್ಲಿ ಬೋಯರ್. 170 ಸೆಂ.ಮೀ., 70 ಕೆ.ಜಿ. ಗಂಡಸಿಗೆ ಹ್ಯೂಮ್ 51 ಅಂತಾರೆ, ಜೇಮ್ಸ್ ಮತ್ತು ಬೋಯರ್ ಹತ್ತಿರ ಹತ್ತಿರ 55. ಅದೇ ಮೈ, ನಾಲ್ಕು ಕಿಲೋ ವ್ಯತ್ಯಾಸ.

ಜೇಮ್ಸ್ ಸೂತ್ರದ್ದು ನಿಜವಾದ ಕಥೆ. ಹೆಂಗಸರಿಗೆ ಅದು ಹೀಗಿದೆ: ತೂಕದ 1.07 ಪಟ್ಟು, ಅದರಿಂದ ತೂಕವನ್ನು ಎತ್ತರದಿಂದ ಭಾಗಿಸಿ ವರ್ಗ ಮಾಡಿ 148ರಿಂದ ಗುಣಿಸಿದ್ದನ್ನು ಕಳೀಬೇಕು. ವರ್ಗ ಇದೆ ಅಂದ್ರೆ ಗ್ರಾಫ್ ಎಲ್ಲೋ ಕೆಳಗೆ ಬಾಗಲೇಬೇಕಲ್ವಾ? 160 ಸೆಂ.ಮೀ. ಹೆಂಗಸು 92 ಕೆ.ಜಿ. ಇದ್ದಾಗ ಉತ್ತರ ಸುಮಾರು 49.5. ಅದೇ ಹೆಂಗಸು 130 ಕೆ.ಜಿ. ಆದ್ರೆ 41.4! 38 ಕಿಲೋ ಕೂಡಿದ್ದಕ್ಕೆ ಎಂಟು ಕಿಲೋ ಸ್ನಾಯು, ಎಲುಬು ಮಾಯ. ನಮ್ಮ ಕೋಡ್ ರಿವ್ಯೂನಲ್ಲಿ ಇದು ಪಾಸಾಗ್ತಿರಲಿಲ್ಲ. ಆದ್ರೆ ರೆಮಿಫೆಂಟನಿಲ್ ಅನ್ನೋ ಅರಿವಳಿಕೆ ಔಷಧದ ಡೋಸ್ ಲೆಕ್ಕ ಹಾಕೋ 1997ರ ಮಿಂಟೋ ಮಾದರಿಯೊಳಗೆ ಇದೇ ಸೂತ್ರ ಕೂತಿದೆ, ಆ ಮಾದರಿ ಆಪರೇಷನ್ ಥಿಯೇಟರಿನ ಪಂಪುಗಳೊಳಗೆ. ತುಂಬಾ ದಪ್ಪ ಇರೋರಿಗೆ ಅದು ತಪ್ಪು ಹೇಳುತ್ತೆ ಅಂತ ಅರಿವಳಿಕೆ ತಜ್ಞರೇ ಎಚ್ಚರಿಸಬೇಕಾಯ್ತು. 2005ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಜನ್ಮಹಸತಿಯನ್ ಸೂತ್ರ ಹಾಗೆ ಬಾಗಲ್ಲ. ಅದೇ ಹೆಂಗಸಿಗೆ 48.6ರಿಂದ 56.9ಕ್ಕೆ ಏರುತ್ತೆ.

ಇನ್ನು ನಮ್ಮ ಮೈ. ಚರ್ಮದ ಮಡಿಕೆ ಹಿಡಿದು ಕೊಬ್ಬು ಅಂದಾಜು ಮಾಡೋ ಡರ್ನಿನ್–ವೊಮರ್ಸ್ಲಿ ಸಮೀಕರಣ (1974) ಕೂಡ ಗ್ಲಾಸ್ಗೋದ್ದೇ, 481 ಜನರನ್ನು ಅಳೆದು ಮಾಡಿದ್ದು. ಇಂಥ ಸುಲಭ ವಿಧಾನಗಳು ಭಾರತೀಯರಿಗೆ ಹೊಂದುತ್ತವಾ ಅಂತ ಪರೀಕ್ಷೆ ಮಾಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ತಂಡ ಮುಖ್ಯ. ಅವರ ಪ್ರಬಂಧ ಬಂದದ್ದು 1998ರಲ್ಲಿ. ನಮ್ಮ ಊರಲ್ಲೇ ಈ ಕೆಲಸ ನಡೆದಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಯಾಕೆ ಬೇಕಿತ್ತು ಅನ್ನೋದಕ್ಕೆ 2004ರ ಲ್ಯಾನ್ಸೆಟ್‌ನ ಒಂದು ಫೋಟೋ ಸಾಕು. ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ಎತ್ತರ, ತೂಕ ಮಾತ್ರ ಕೇಳೋ ಸೂತ್ರಕ್ಕೆ ಈ ಅಂತರ ಕಾಣೋದೇ ಇಲ್ಲ. ಸೊಂಟದ ಸುತ್ತಳತೆ ಬರೆದಿಟ್ಕೊಳ್ಳೋಕೆ ಟೇಪ್ ಒಂದು ಸಾಕು. ಮುಂದಿನ ವಿಡಿಯೋದಲ್ಲಿ ಬಿಎಂಐ ಹುಟ್ಟಿಸಿದ ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಕೆಟ್ಲೆ ಬಗ್ಗೆ ಮಾತಾಡೋಣ.