ಶಿರೂರಿನ ಗೆರೆ

ಭಟ್ಕಳ ಪೇಟೆಯಿಂದ ಕುಂದಾಪುರದ ಕಡೆ ಹೊರಟ ಬಸ್ಸು ಗೊರಟೆ ದಾಟಿತೆಂದರೆ ಶಿರೂರು. 2024ರ ಮಳೆಗಾಲದಲ್ಲಿ ಗುಡ್ಡ ಜರಿದು ಸುದ್ದಿಯಾದ ಅಂಕೋಲಾದ ಶಿರೂರಲ್ಲ, ಇದು ಬೈಂದೂರು ತಾಲೂಕಿನದು. ಇಲ್ಲಿ ಶರಾವತಿಯಂಥ ಹೊಳೆ ಅಡ್ಡ ಬರುವುದಿಲ್ಲ, ಘಟ್ಟವೂ ಇಲ್ಲ. ಆಚೆಗೂ ಈಚೆಗೂ ಅದೇ ಕಡಲು, ಅದೇ ಬಂಗುಡೆ. ನವಾಯತ ಮುಸ್ಲಿಮರ ಮನೆಗಳು ಎರಡೂ ಕಡೆ ಇವೆ. ಹೆಣ್ಣು ಕೊಟ್ಟು ತಂದ ಸಂಬಂಧಗಳಿಗೆ ಲೆಕ್ಕವಿಲ್ಲ. ಆದರೂ ಇಲ್ಲಿ ಉತ್ತರ ಕನ್ನಡ ಮುಗಿದು ಉಡುಪಿ ಶುರುವಾಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ತಡೆಗೆಂದು ಈ ಜಾಗದಲ್ಲಿ ಪೊಲೀಸರು ಬ್ಯಾರಿಕೇಡ್ ಇಟ್ಟು ನಿಂತಾಗ, ಭಟ್ಕಳ, ಹೊನ್ನಾವರ, ಕುಮಟಾದ ಜನಕ್ಕೆ ಆಸ್ಪತ್ರೆಯ ದಾರಿಯೇ ಚೆಕ್‌ಪೋಸ್ಟ್ ಆಯಿತು.

ಈ ಗೆರೆ ಹುಟ್ಟಿದ್ದು ಹತ್ತಿಗಾಗಿ. ಕೆನರಾ ಜಿಲ್ಲೆಯೆಲ್ಲ ಮೊದಲು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗೇರಿ ಬೊಂಬಾಯಿ ಸೇರುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗುವ ಹೊತ್ತಿಗೆ ಮ್ಯಾಂಚೆಸ್ಟರಿನ ಗಿರಣಿಗಳವರಿಗೆ ಈ ಹತ್ತಿಯ ಮೇಲೂ ಕಾರವಾರದ ಬಂದರಿನ ಮೇಲೂ ಕಣ್ಣು ಬಿತ್ತು. ಹತ್ತಿ ಬೆಳೆಯುವ ನೆಲ ಬೊಂಬಾಯಿಯದು, ಸಾಗಿಸುವ ಬಂದರು ಮದ್ರಾಸಿನದು ಎಂಬ ತೊಡಕನ್ನು ಬಿಡಿಸಲು 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿಗೆ ಸೇರಿಸಿದರು. ಆಗ ಶಿರೂರೂ ಸೇರಿದ್ದ ಕುಂದಾಪುರ ತಾಲೂಕನ್ನು ಮಾತ್ರ ಮದ್ರಾಸಿನಲ್ಲೇ ಉಳಿಸಿಕೊಂಡರು. ಹಾಗೆ ಭಟ್ಕಳಕ್ಕೂ ಶಿರೂರಿಗೂ ನಡುವೆ ಎರಡು ಪ್ರೆಸಿಡೆನ್ಸಿಗಳ ಗಡಿ ಬಂದು ಕೂತಿತು. 1956ರ ನವೆಂಬರ್ 1ರವರೆಗೆ ಅದು ಆಚೆ ಒಂದು ಸರಕಾರ, ಈಚೆ ಇನ್ನೊಂದು ಸರಕಾರ ಎನ್ನುವ ಗಡಿಯಾಗಿಯೇ ಇತ್ತು.

ಗಡಿ ಹಾಕಿದವರ ತಲೆಯಲ್ಲಿ ರೋಗದ ಯೋಚನೆ ಇರಲಿಲ್ಲ. ರೋಗ ಬಂದದ್ದು 1896ರ ಸೆಪ್ಟೆಂಬರಿನಲ್ಲಿ, ಬೊಂಬಾಯಿಯ ಮಾಂಡ್ವಿ ಬಂದರಿನ ಓಣಿಗಳಲ್ಲಿ. ಅಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಮರುವರ್ಷದ ಜನವರಿ 28ರಂದು ಕಲ್ಕತ್ತೆಯಲ್ಲಿ ಮಂಡನೆಯಾದ ಸಾಂಕ್ರಾಮಿಕ ರೋಗಗಳ ಮಸೂದೆ ಒಂದೇ ವಾರದಲ್ಲಿ, ಫೆಬ್ರವರಿ 4ಕ್ಕೆ, ಕಾಯಿದೆಯಾಯಿತು. ಇದ್ದದ್ದು ನಾಲ್ಕೇ ಕಲಮು. ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡಬಹುದು, ಬೇರೆ ಇಡಬಹುದು. ಹಾಗೆ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ತಡೆಸಿಕೊಂಡವನಿಗೆ ಊಟ, ಮದ್ದು, ಆಸ್ಪತ್ರೆ ಯಾರು ಕೊಡಬೇಕು ಎಂಬ ಬಗ್ಗೆ ಆ ಕಾಯಿದೆ ತುಟಿ ಬಿಚ್ಚಲಿಲ್ಲ. ಅದೇ ವರ್ಷ ಬೊಂಬಾಯಿಯಿಂದ ಹಜ್ ಯಾತ್ರೆಯನ್ನೂ ನಿಲ್ಲಿಸಿದರು. ಕಡಲಾಚೆಯ ನಂಟನ್ನೇ ನೆಚ್ಚಿಕೊಂಡ ಭಟ್ಕಳದಂಥ ಊರಿಗೆ ಅದು ಸಣ್ಣ ಸುದ್ದಿಯಲ್ಲ.

ಮದ್ರಾಸ್ ಸರಕಾರ ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿ ತಂದಿತು. ಸೋಂಕಿನ ಸೀಮೆಯಿಂದ ಬಂದವನು ಅದನ್ನು ಹಿಡಿದು, ಇಳಿದುಕೊಂಡ ಊರಲ್ಲಿ ಹತ್ತು ದಿನ ದಿನಾ ಅಧಿಕಾರಿಯ ಮುಂದೆ ಹಾಜರಾಗಬೇಕು. ಬೊಂಬಾಯಿ ಪ್ರೆಸಿಡೆನ್ಸಿಯ ಕೊನೆಯ ತಾಲೂಕಿನವರಾದ ಭಟ್ಕಳದವರಿಗೆ ಪಕ್ಕದ ಊರೂ ಮದ್ರಾಸೇ. ಘಟ್ಟದ ಮೇಲೆ ಪ್ಲೇಗು ಹುಬ್ಬಳ್ಳಿ–ಧಾರವಾಡಗಳನ್ನು ಹಿಂಡುತ್ತಿತ್ತು. 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರಿಗೂ ಮುಟ್ಟಿತು. ಆ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆಯೆದ್ದರು. ಅಷ್ಟೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಬೇರೆಯದೇ ಕೆಲಸ ನಡೆದಿತ್ತು. ಸರ್ಜನ್ ಕ್ಯಾಪ್ಟನ್ ಲಾಯ್‌ಮನ್ ಎಂಬ ವೈದ್ಯ ಹಾಫ್ಕಿನ್ನರ ಪ್ಲೇಗ್ ಲಸಿಕೆಯನ್ನು ಊರಿನ ಬಹುಪಾಲು ಜನಕ್ಕೆ ಚುಚ್ಚಿಸಿದ. ಜನರಿಗೂ ತಮ್ಮದೇ ಉಪಾಯವಿತ್ತು: ಇಲಿ ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ನಾಕಾಬಂದಿಗಿಂತ ಈ ಎರಡೂ ಹೆಚ್ಚು ಜೀವ ಉಳಿಸಿರಬೇಕು.

ಕಾಯಿದೆ ಮಾತ್ರ ಕಪಾಟಿನಲ್ಲಿ ಉಳಿಯಿತು. 2020ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಅದೇ 1897ರ ಕಾಯಿದೆಯ ಬಲದ ಮೇಲೆ.

ಆ ಮಾರ್ಚ್ 22ರಂದು ದಕ್ಷಿಣ ಕನ್ನಡದ ಮೊದಲ ಕೋವಿಡ್ ಪ್ರಕರಣ ಪ್ರಕಟವಾಯಿತು: ದುಬೈಯಿಂದ ಮಂಗಳೂರಿಗೆ ಬಂದಿಳಿದ ಭಟ್ಕಳದ ಒಬ್ಬ ಯುವಕ. ಎರಡು ದಿನ ಕಳೆಯುವುದರೊಳಗೆ ಭಟ್ಕಳದಲ್ಲೇ ಸೋಂಕು ಕಂಡಿತು. ಊರನ್ನು ಮುಚ್ಚಿದರು. ಬಸ್ಸಿಲ್ಲ, ಕೊಂಕಣ ರೈಲಿಲ್ಲ; ಉತ್ತರಕ್ಕೆ ಮಾಜಾಳಿಯಲ್ಲಿ ಗೋವಾದ ಗಡಿ ಬಂದ್, ದಕ್ಷಿಣಕ್ಕೆ ಶಿರೂರು ಬಂದ್. ಸಾಮಾಜಿಕ ಜಾಲತಾಣಗಳಲ್ಲಿ ಭಟ್ಕಳ ಎಂಬ ಹೆಸರನ್ನೇ ರೋಗದಂತೆ ಆಡಿಕೊಂಡವರೂ ಇದ್ದರು. ಊರಿನೊಳಗೆ ಜಿಲ್ಲಾಡಳಿತದ ಜತೆ ಓಡಾಡಿದ್ದು 1912ರಲ್ಲಿ ಹುಟ್ಟಿದ ಮಜ್ಲಿಸೆ ಇಸ್ಲಾಹ್ ವ ತಂಝೀಮ್‌ನಂಥ ಸ್ಥಳೀಯ ಸಂಸ್ಥೆಗಳು.

ಸೋಂಕಿತರನ್ನು ಎಲ್ಲಿಗೆ ಒಯ್ಯುವುದು? ಮೊದಲ ರೋಗಿಗಳಿಗೆ ಬಾಗಿಲು ತೆರೆದದ್ದು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆ. ಸಂಕಟದಲ್ಲಿ ಸೈನ್ಯದ ಆಸ್ಪತ್ರೆ ಒದಗಿದ್ದು ಒಳ್ಳೆಯದೇ. ಆದರೆ ಜಿಲ್ಲೆಯ ವೈದ್ಯಕೀಯ ಸ್ಥಿತಿ ಎಷ್ಟು ತೆಳುವಾಗಿತ್ತು ಎಂಬುದೂ ಅದರಿಂದಲೇ ಬಯಲಾಯಿತು. ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಸುಮಾರು 120 ಕಿಲೋಮೀಟರ್, ಗೆರೆಯಾಚೆ ದೊಡ್ಡ ಆಸ್ಪತ್ರೆಯಿರುವ ಮಣಿಪಾಲಕ್ಕೆ ಸುಮಾರು 90. ಎದೆನೋವು, ತಲೆಗೆ ಪೆಟ್ಟು, ಕಷ್ಟದ ಹೆರಿಗೆ, ಯಾವುದೇ ಇರಲಿ, ಹೊನ್ನಾವರದವರೂ ಕುಮಟಾದವರೂ ಗಾಡಿ ತಿರುಗಿಸುವುದು ದಕ್ಷಿಣಕ್ಕೆ. ಓಡಾಟ ನಿಲ್ಲಿಸುವುದು ಸುಲಭ, ಚಿಕಿತ್ಸೆ ಗೆರೆಯಾಚೆ ಇರುವಾಗ ಅದು ರಕ್ಷಣೆಯಾಗುವುದು ಕಷ್ಟ.

ಇದರ ಕಟುವಾದ ರೂಪ ಕಂಡದ್ದು ಅದೇ ಕರಾವಳಿಯ ಇನ್ನೊಂದು ತುದಿಯಲ್ಲಿ. ಕಾಸರಗೋಡಿನಲ್ಲಿ ಸೋಂಕು ಹೆಚ್ಚಿತೆಂದು ಕರ್ನಾಟಕ ತಲಪಾಡಿಯ ಹೆದ್ದಾರಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ಸಿಕ್ಕಿಕೊಂಡರು. ಚಿಕಿತ್ಸೆ ಸಿಗದೆ ಹಲವರು ಸತ್ತರೆಂದು ಕೇರಳ ದೂರಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಿತು. ಮಾತು ಸುಪ್ರೀಂ ಕೋರ್ಟಿಗೆ ಹೋಗಿ, ಕೋವಿಡ್ ಇಲ್ಲದ ರೋಗಿಗಳನ್ನು ಬಿಡುವ ಒಪ್ಪಂದದೊಂದಿಗೆ ಏಪ್ರಿಲ್ 7ರಂದು ಮುಗಿಯಿತು. ಎರಡು ರಾಜ್ಯಗಳ ಜಗಳವಾದ್ದರಿಂದ ತಲಪಾಡಿಗೆ ಕೋರ್ಟಾದರೂ ಸಿಕ್ಕಿತು. ಶಿರೂರಿನದು ಎರಡು ಜಿಲ್ಲೆಗಳ ನಡುವಿನ ವ್ಯವಹಾರ, ಓಡಾಟದ ಪಾಸಿನ ಮೇಲೇ ನಡೆಯಿತು.

ಪಾಸಿಗೂ ಮಿತಿಯಿತ್ತು. ಏಪ್ರಿಲಿನಲ್ಲಿ ಭಟ್ಕಳದ ಮೊದಲ ಸುತ್ತಿನ ರೋಗಿಗಳು ಗುಣವಾಗಿ ಜಿಲ್ಲೆ ಉಸಿರಾಡುವಷ್ಟರಲ್ಲಿ ಮೇ 8ರಂದು ಒಂದೇ ದಿನ ಭಟ್ಕಳದಲ್ಲಿ 12 ಹೊಸ ಪ್ರಕರಣ ಬಂದವು. ಮೂಲ ಹುಡುಕಿದರೆ, ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಚಿಕಿತ್ಸೆಗೆಂದು ಹೋಗಿಬಂದ ಕುಟುಂಬ. ಅಂಥವರನ್ನು ಬಿಡದಿರುವುದು ಯಾವ ಅಧಿಕಾರಿಯಿಂದಲೂ ಆಗದ ಮಾತು. ರೋಗ ಗೆರೆ ದಾಟುವುದಕ್ಕೆ ಘಟ್ಟದ ಕಡೆಯೂ ಉದಾಹರಣೆಯಿದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಕಾಡಿನ ಉಣುಗುಗಳ ಜತೆ ಹೊನ್ನಾವರದವರೆಗೂ ಇಳಿದು ಬಂದಿದೆ. ಅದಕ್ಕೆ ಯಾವ ಚೆಕ್‌ಪೋಸ್ಟೂ ಇಲ್ಲ.

ಜೂನ್‌ನಲ್ಲಿ ಕೊಲ್ಲಿಯ ಭಟ್ಕಳಿಗರು ಬಾಡಿಗೆ ವಿಮಾನ ಗೊತ್ತುಮಾಡಿಕೊಂಡು ಮಂಗಳೂರಿಗೆ ಬಂದು, ಕ್ವಾರಂಟೈನ್ ಮುಗಿಸಿ ಮನೆ ಸೇರಿದರು. ಆಗಸ್ಟ್ 22ರಂದು ಕೇಂದ್ರ ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ, ಜನರ ಮತ್ತು ಸರಕಿನ ಓಡಾಟಕ್ಕೆ ತಡೆ ಬೇಡವೆಂದು ರಾಜ್ಯಗಳಿಗೆ ಬರೆದರು.

ಬ್ಯಾರಿಕೇಡ್ ತೆಗೆದ ಮೇಲೂ ದಕ್ಷಿಣದ ಓಟ ನಿಲ್ಲಲಿಲ್ಲ. ಜಿಲ್ಲೆಗೆ ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂದು ಯುವಕರು ಟ್ವಿಟರ್‌ನಲ್ಲಿ ಕೂಗು ಹಾಕಿದ್ದು ಕೋವಿಡ್‌ಗೂ ಮುಂಚೆ, 2019ರಲ್ಲಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಧಾವಿಸಿದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಮಗುಚಿತು; ನಾಲ್ವರು ಸತ್ತರು. ಆ ದೃಶ್ಯ ಸಿಸಿಟಿವಿಯಿಂದ ಫೋನಿಗೆ ಫೋನಿಗೆ ಹರಡಿದ ಮೇಲೆ ಕೂಗು ಮತ್ತೆ ಎದ್ದಿತು, ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎನ್ನುವವರೆಗೂ ಹೋಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಭರವಸೆ ಕೊಟ್ಟರು. ಆಮೇಲೆ ಚರ್ಚೆ ಹಿಡಿದದ್ದು ಆಸ್ಪತ್ರೆ ಕುಮಟಾದಲ್ಲೋ ಕಾರವಾರದಲ್ಲೋ ಎಂಬ ದಾರಿಯನ್ನು. ಕುಮಟಾದಲ್ಲಾದರೆ ಭಟ್ಕಳದವರಿಗೆ ಸುಮಾರು 55 ಕಿಲೋಮೀಟರ್, ಅದೂ ಜಿಲ್ಲೆಯೊಳಗೇ. ಕಾರವಾರದಲ್ಲಾದರೆ ಅವರಿಗೆ ಈಗಲೂ ಮಣಿಪಾಲವೇ ಹತ್ತಿರ.