ಇಂದ್ರಿಯ ಶಿಕ್ಷಣದ ಋಣ

ಇಂದ್ರಿಯಗಳು ಜ್ಞಾನದ ಬಾಗಿಲುಗಳೆಂದು ಉಪಾಧ್ಯಾಯರ ತರಬೇತಿ ಶಾಲೆಗಳಲ್ಲಿ ಬೋಧಿಸುವುದುಂಟು. ಮರದ ತುಂಡುಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುವುದು, ಕಣ್ಣು ಮುಚ್ಚಿ ನುಣುಪು ಯಾವುದು ಒರಟು ಯಾವುದು ಎಂದು ಬೆರಳಿನಿಂದ ಅರಿಯುವುದು, ಮಣಿ ಪೋಣಿಸುವುದು, ಇವೆಲ್ಲ ಶಿಶುವಿಹಾರಗಳ ನಿತ್ಯದ ಪಾಠಗಳು. ಆದರೆ ಈ ಪಾಠಗಳು ಮೊದಲು ಯಾರಿಗಾಗಿ ಹುಟ್ಟಿದವೆಂಬುದನ್ನು ಬಲ್ಲವರು ವಿರಳ. ಇವು ಚುರುಕು ಬುದ್ಧಿಯ ಮಕ್ಕಳಿಗಾಗಿ ಹುಟ್ಟಿದವಲ್ಲ. ಕಲಿಯಲಾರರೆಂದು ಲೋಕವು ಕೈಬಿಟ್ಟ ಮಕ್ಕಳಿಗಾಗಿ ಹುಟ್ಟಿದವು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಫ್ರಾನ್ಸ್ ದೇಶದ ಆವೇರಾನ್ ಪ್ರಾಂತದ ಕಾಡಿನಲ್ಲಿ ಬೆಳೆದ ಬಾಲಕನೊಬ್ಬನು 1800ರಲ್ಲಿ ಜನರ ಕೈಗೆ ಸಿಕ್ಕಿದನು. ಅವನಿಗೆ ಮಾತಿರಲಿಲ್ಲ. ಇಟಾರ್ ಎಂಬ ವೈದ್ಯನು ಸ್ಪರ್ಶ, ಶ್ರವಣ, ದೃಷ್ಟಿಗಳನ್ನು ಒಂದೊಂದಾಗಿ ಪಳಗಿಸುತ್ತ ಅವನಿಗೆ ವಿದ್ಯೆ ಕಲಿಸಲು ವರ್ಷಗಟ್ಟಲೆ ಶ್ರಮಿಸಿದನು. ಬಾಲಕನಿಗೆ ಮಾತು ಬರಲಿಲ್ಲ. ಆದರೆ ಮಾರ್ಗವೊಂದು ತೆರೆಯಿತು. ಇಟಾರನ ಶಿಷ್ಯನಾದ ಎದುವಾರ್ ಸೆಗ್ಯಾನ್ ಆ ಮಾರ್ಗದಲ್ಲಿ ನಡೆದು, ಮೊದಲು ಸ್ನಾಯು, ಬಳಿಕ ಇಂದ್ರಿಯ, ಆಮೇಲೆ ವಿಚಾರ ಎಂಬ ಕ್ರಮವನ್ನು ಸ್ಥಾಪಿಸಿ, 1846ರಲ್ಲಿ ಅದನ್ನು ಗ್ರಂಥರೂಪಕ್ಕೆ ತಂದನು. ಏಣಿ ಹತ್ತುವುದು, ಉಯ್ಯಾಲೆ ಆಡುವುದು, ಆಕಾರಗಳನ್ನು ಹಲಗೆಯ ಕುಳಿಗಳಿಗೆ ಹೊಂದಿಸುವುದು, ಇವೇ ಅವನ ಪಾಠಗಳಾಗಿದ್ದವು.

1866ರಲ್ಲಿ ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಮದ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್, ಒಂದೇ ಬಗೆಯ ಮುಖಲಕ್ಷಣವುಳ್ಳ ಕೆಲವು ಮಕ್ಕಳನ್ನು ಪ್ರತ್ಯೇಕವಾಗಿ ವರ್ಣಿಸಿದನು. ಅವರಿಗೆ ಮಂಗೋಲ ಜನಾಂಗದ ಹೆಸರಿಟ್ಟದ್ದು ಅವನ ದೊಡ್ಡ ತಪ್ಪು. ಆದರೂ ಅವನು ಕಂಡ ಒಂದು ಸತ್ಯವನ್ನು ಮರೆಯಲಾಗದು: ತರಬೇತಿಯಿಂದ ಈ ಮಕ್ಕಳು ನಿರೀಕ್ಷೆಗೆ ಮೀರಿ ಸುಧಾರಿಸುತ್ತಾರೆ, ಅವರ ಕೈಗಳ ಕೌಶಲ ವೃದ್ಧಿಯಾಗುತ್ತದೆ ಎಂದು ಅವನು ಅಂದೇ ಬರೆದನು. 1959ರಲ್ಲಿ ಫ್ರಾನ್ಸಿನ ಲೆಜ್ಯೂನ್, ಮಾರ್ತ್ ಗೋತಿಯೆ, ತ್ಯುರ್ಪಾಂ ಇವರು ಇದರ ಕಾರಣವನ್ನು ಪ್ರಕಟಿಸಿದರು. ಜೀವಕೋಶದಲ್ಲಿ 46 ವರ್ಣತಂತುಗಳಿರಬೇಕಾದಲ್ಲಿ ಈ ಮಕ್ಕಳಲ್ಲಿ 47 ಇರುತ್ತವೆ. ತಾಯಿಯ ಪಾಪವೂ ಗ್ರಹಣದ ದೋಷವೂ ಇದಕ್ಕೆ ಕಾರಣವಲ್ಲವೆಂಬುದು ಅಲ್ಲಿಗೆ ನಿರ್ವಿವಾದವಾಯಿತು. 1961ರಲ್ಲಿ ವಿಜ್ಞಾನಿಗಳು ಹಳೆಯ ಹೆಸರನ್ನು ಆಕ್ಷೇಪಿಸಿದರು. ಕ್ರಮೇಣ ‘ಡೌನ್ ಸಿಂಡ್ರೋಮ್’ ಎಂಬ ಹೆಸರು ನೆಲೆಗೊಂಡಿತು.

ಇತ್ತ ರೋಮ್ ನಗರದಲ್ಲಿ, ಬುದ್ಧಿ ಬೆಳೆಯದ ಮಕ್ಕಳಿಗೆ ಪಾಠ ಹೇಳುತ್ತಿದ್ದ ವೈದ್ಯೆ ಮಾರಿಯಾ ಮಾಂಟೆಸರಿಯವರು ಸೆಗ್ಯಾನನ ಗ್ರಂಥವನ್ನು ಸ್ವಹಸ್ತದಿಂದ ನಕಲು ಮಾಡಿಕೊಂಡು ಅಭ್ಯಸಿಸಿದರು. 1907ರಲ್ಲಿ ಬಡವರ ಕೇರಿಯ ಮಕ್ಕಳಿಗಾಗಿ ಅವರು ತೆರೆದ ಶಿಶುಗೃಹಕ್ಕೆ ಅದೇ ಉಪಕರಣಗಳು ಬಂದವು. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೆ ಶಿಕ್ಷಣವಿತ್ತರು. ಯುದ್ಧಕಾಲದಲ್ಲಿ ಕೊಡೈಕನಾಲಿನಲ್ಲಿಯೂ ಕೆಲಕಾಲ ವಾಸಿಸಿದರು. ಹೀಗೆ, ನಮ್ಮ ಸೇಲಂ ಜಿಲ್ಲೆಯು ಸೇರಿದ್ದ ಮದರಾಸು ಪ್ರಾಂತಕ್ಕೇ ಆ ವಿದ್ಯೆ ನಡೆದು ಬಂದಿತು. ಆದರೆ ಯಾರಿಗಾಗಿ ಅದು ಹುಟ್ಟಿತೋ ಆ ಮಕ್ಕಳು ಬಹುಪಾಲು ಶಾಲೆಯ ಹೊರಗೇ ಉಳಿದರು.

ಡೌನ್ ಸಿಂಡ್ರೋಮ್ ಉಳ್ಳ ಶಿಶುವಿನ ಸ್ನಾಯುಗಳು ಮೆತ್ತಗೆ, ಕೀಲುಗಳು ಸಡಿಲ. ಅದು ಕಾಲುಗಳನ್ನು ಅತಿಯಾಗಿ ಅಗಲಿಸಿ ಕೂರುತ್ತದೆ, ಬೆನ್ನು ಬಾಗುತ್ತದೆ. ಇಂತಹ ವಕ್ರ ಅಭ್ಯಾಸಗಳು ಬೇರೂರದಂತೆ ಮೊದಲ ವರ್ಷದಿಂದಲೇ ತಡೆಯುವುದು ದೇಹ ಚಿಕಿತ್ಸೆಯ ಮುಖ್ಯ ಕಾರ್ಯ. 2001ರಲ್ಲಿ ಅಮೆರಿಕದಲ್ಲಿ ಡೇಲ್ ಅಲ್ರಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ತಂದೆತಾಯಿಗಳು ಮನೆಯಲ್ಲಿಯೇ ದಿನಕ್ಕೆ 8 ನಿಮಿಷ, ವಾರಕ್ಕೆ 5 ದಿನ, ಚಲಿಸುವ ಪಟ್ಟಿಯ ಮೇಲೆ ಹೆಜ್ಜೆ ಹಾಕಿಸಿದ ಶಿಶುಗಳು ಉಳಿದವರಿಗಿಂತ ಸುಮಾರು 100 ದಿನ ಮುಂಚೆಯೇ ನಡೆದವು. 1972ರಲ್ಲಿ ಜೀನ್ ಏಯರ್ಸ್ ಗ್ರಂಥವಾಗಿ ವಿವರಿಸಿದ ಇಂದ್ರಿಯ ಸಮನ್ವಯ ಚಿಕಿತ್ಸೆಯನ್ನೂ ಅನೇಕರು ಬಳಸುತ್ತಾರೆ. ಅದರ ಫಲಕ್ಕೆ ಇಷ್ಟು ಗಟ್ಟಿಯಾದ ಪುರಾವೆ ಇಲ್ಲವೆಂಬುದನ್ನೂ ಹೇಳಬೇಕು. ಈ ಮಕ್ಕಳಲ್ಲಿ ಸುಮಾರು ಅರ್ಧ ಪಾಲಿಗೆ ಹೃದಯದ ದೋಷವಿರುತ್ತದೆ. ಕೆಲವರ ಕುತ್ತಿಗೆಯ ಮೂಳೆಯ ಕೀಲು ಸಡಿಲವಾಗಿರುತ್ತದೆ. ಆದುದರಿಂದ ವೈದ್ಯರನ್ನು ಕೇಳದೆ ಲಾಗ ಹಾಕಿಸುವುದು ಮೊದಲಾದ ವ್ಯಾಯಾಮ ಮಾಡಿಸಲಾಗದು.

ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೂ, ಬುದ್ಧಿಮಾಂದ್ಯರಿಗಾಗಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 1984ರಲ್ಲಿಯೂ ಸ್ಥಾಪಿತವಾದವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದಲೇ ಪರೀಕ್ಷಿಸಬೇಕಾದ ಸ್ಥಿತಿಗಳಲ್ಲಿ ಇದೂ ಸೇರಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವನ್ನೂ ವಿಧಿಸಿದೆ.

ಆದರೆ ಕಾಯಿದೆಯೇ ಮಗುವಿನ ಕೈ ಹಿಡಿದು ನಡೆಸದು. ಮೇಚೇರಿಯ ಕನ್ನಡ ಮನೆಗಳಲ್ಲಿ ಅಜ್ಜಿಯರು ಕಾಲು ಚಾಚಿ ಕುಳಿತು ಕೂಸಿಗೆ ಎಣ್ಣೆ ನೀವಿ ಎರೆಯುವ ಪದ್ಧತಿ ಹಿತವಾದುದೇ. ಆದರೆ ನೀವುವುದರಿಂದಲೇ ಮಗು ನಡೆಯದು. ಮಗು ತಾನೇ ಶ್ರಮಿಸಬೇಕು. ಹೊಟ್ಟೆಯ ಮೇಲೆ ಮಲಗಿಸಿ ಕಿಲುಕಿಲಿ ಆಡಿಸಿ ತಲೆ ಎತ್ತಿಸುವುದು, ಕಾಲುಗಳನ್ನು ಹತ್ತಿರ ಕೂಡಿಸಿ ಕೂರಿಸುವುದು, ಮಣ್ಣು, ಮರಳು, ಉಣ್ಣೆಗಳನ್ನು ಮುಟ್ಟಿಸಿ ಹೆಸರು ಹೇಳಿಸುವುದು, ಇವುಗಳಿಗೆ ಹಣ ಬೇಡ, ತಾಳ್ಮೆ ಬೇಕು.

ಈ ಮಕ್ಕಳ ಹೆಸರಿನಲ್ಲಿ ಹುಟ್ಟಿದ ಪಾಠಗಳಿಂದಲೇ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಾವು ಇತರ ಮಕ್ಕಳಿಗೆ ಅಕ್ಷರ ಕಲಿಸಿದೆವು. ಸಾಲ ಪಡೆದವರೇ ಸಾಲಕೊಟ್ಟವನನ್ನು ಬಾಗಿಲಲ್ಲಿ ತಡೆಯುವುದು ನ್ಯಾಯವೇ? ಅಂತಹ ಮಗು ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಲು ಬಂದಾಗ, ಮುಂದಿನ ವರ್ಷ ನೋಡೋಣ ಎಂದು ಕಳುಹಿಸದೆ, ಕಳೆದ 200 ವರ್ಷಗಳ ಋಣವನ್ನು ನೆನೆದು ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳುವುದೇ ನಮ್ಮ ಧರ್ಮ.